ಬೆಳಕಿಗೆ ನಿಂತವಳು

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ತಿಳಿದವರು ಹೇಳುತ್ತಾರೆ. ಆ ಹವ್ಯಾಸ ಅವನನ್ನು ಕೊನೆಗೆ ಎಲ್ಲಿಗೆ ಕರೆದೊಯ್ದು ನಿಲ್ಲಿಸುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ನನ್ನ ಜೊತೆಗಿದ್ದ ಮಾಸ್ತರರೊಬ್ಬರಿಗೆ ಇಸ್ಪೀಟಿನ ಹವ್ಯಾಸವಿತ್ತು. ಅವರು ಸುಖವಾಗಿ ನಿವೃತ್ತರಾಗಿ ಈಗಲೂ ಆಡುತ್ತಿದ್ದಾರೆ. ಇನ್ನೊಬ್ಬರಿಗೆ ತಂಬಾಕಿನ ಹವ್ಯಾಸ. ಹಲ್ಲು ಹೋದವು, ಅಷ್ಟೇ. ನಾನು ಹಿಡಿದದ್ದು ಕ್ಯಾಮೆರಾ. ಅದೂ ಅಂತಿಂಥದ್ದಲ್ಲ, ಎಸ್‌ಎಲ್‌ಆರ್. ಅದು ನನ್ನನ್ನು ಎಷ್ಟೋ ವರ್ಷಗಳಿಂದ ಮಣ್ಣಿಗೆ ಕರೆದೊಯ್ಯುತ್ತಿದೆ. ನಮ್ಮ ಕಡೆ ಶವಸಂಸ್ಕಾರಕ್ಕೆ ಮಣ್ಣು ಎನ್ನುತ್ತಾರೆ. ‘ನಾಳಿ ಹನ್ನೊಂದಕ್ಕ ಮಣ್ಣು ಅದರಿ ಸರ, ಕ್ಯಾಮೆರಾ ತಗೊಂಡು ಬರ್ರಿ’ ಎಂದು ಫೋನ್ ಬರುತ್ತದೆ, ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ. ದೇವದುರ್ಗ, ಮಾನ್ವಿ, ರಾಯಚೂರು ಈ ಮೂರು ಊರುಗಳ ಗೋಡೆಗಳ ಮೇಲೆ ನಾನು ತೆಗೆದ ಫೋಟೋಗಳು ಲೆಕ್ಕವಿಲ್ಲದಷ್ಟು ತೂಗುತ್ತಿವೆ. ಅವುಗಳಲ್ಲಿ ಇರುವವರು ಒಬ್ಬರೂ ಬದುಕಿಲ್ಲ. ತೆಗೆಯುವಾಗಲೂ ಬದುಕಿರಲಿಲ್ಲ. ದೇವರಾಣೆಗೂ ನಾನು ಶುರು ಮಾಡಿದ್ದು ಮಿಂಚುಳ್ಳಿಗಳಿಂದ.

ಆಗ ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮದುವೆಯಾಗಿ ಆರು ತಿಂಗಳಾಗಿತ್ತು. ಯಾವುದೋ ಕೆಲಸಕ್ಕೆಂದು ಹೈದರಾಬಾದಿಗೆ ಹೋದವನು ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಆ ಕ್ಯಾಮೆರಾವನ್ನು ಕಂಡೆ. ಕೈಗೆ ತೆಗೆದುಕೊಂಡರೆ ಕಲ್ಲಿನ ಗುಂಡಿನಷ್ಟು ಭಾರ. ಒತ್ತಿದರೆ ಹಳೆಯ ಟ್ರಂಕಿನ ಕೀಲಿ ಬಿದ್ದಂಥ ಶಬ್ದ. ಹೆಂಡತಿಗೆ ತರುತ್ತೇನೆಂದು ಹೇಳಿದ್ದ ಸೀರೆ ಅಲ್ಲಿಯೇ ಮರೆತುಹೋಯಿತು. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರೆ, ನನ್ನ ಹೆಂಡತಿ ಶರಣಮ್ಮ ‘ಸೀರಿ ಎಲ್ಲಿ?’ ಎಂದು ಕೇಳಲಿಲ್ಲ. ನನ್ನ ಕೊರಳನ್ನೇ ನೋಡಿ, ‘ಇದರಾಗ ನನ್ನ ಫೋಟೋ ತೆಗೀತೀರೇನ್ರಿ?’ ಎಂದಳು. ಹಾಗೆ ಕೇಳಲು ಅವಳಿಗೆ ಕಾರಣವಿತ್ತು. ನಮ್ಮ ಮದುವೆಯ ಆಲ್ಬಂ ಒಂದಿದೆ. ಮದುಮಗಳು ತಲೆ ಎತ್ತಿದರೆ ಜನ ಏನಂದಾರು ಎಂದು ಅವಳವ್ವ ಹೇಳಿಕೊಟ್ಟಿದ್ದರಿಂದ, ಇಡೀ ಆಲ್ಬಂನಲ್ಲಿ ಅವಳ ಬೈತಲೆಯೂ ಬಾಸಿಂಗವೂ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ‘ನಿಂದಲ್ಲದ ಇನ್ಯಾರದು ತೆಗೀಲಿ?’ ಎಂದೆ ನಾನು. ಈ ಮಾತನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಅವಳಂತೂ ಇಟ್ಟುಕೊಂಡಿದ್ದಾಳೆ.

ರೀಲಿನ ಕಾಲವನ್ನು ಕಾಣದವರಿಗಾಗಿ ಒಂದು ಮಾತು. ಒಂದು ರೀಲಿನಲ್ಲಿ ಮೂವತ್ತಾರು ಫೋಟೋ. ಅದನ್ನು ತೊಳೆಸಬೇಕೆಂದರೆ ಬಸ್ಸು ಹಿಡಿದು ರಾಯಚೂರಿಗೆ ಹೋಗಬೇಕು, ವಾರ ಬಿಟ್ಟು ಮತ್ತೆ ಹೋಗಬೇಕು. ಮಾಸ್ತರನ ಸಂಬಳದಲ್ಲಿ ತಿಂಗಳಿಗೊಂದು ರೀಲ್ ಎಂದರೆ ಮನೆಯಲ್ಲಿ ಒಂದು ಕೂಸನ್ನು ಹೆಚ್ಚಿಗೆ ಸಾಕಿದ ಹಾಗೆ. ಹೀಗಾಗಿ ಗುಂಡಿ ಒತ್ತುವ ಮೊದಲು ನಾನು ಹತ್ತು ಸಲ ಯೋಚಿಸುತ್ತಿದ್ದೆ. ಯೋಚಿಸುವಷ್ಟರಲ್ಲಿ ಮಿಂಚುಳ್ಳಿ ಮೀನು ಹಿಡಿದು ತಿಂದು ಬಾಯಿ ಒರೆಸಿಕೊಂಡು ಹೋಗಿರುತ್ತಿತ್ತು. ಅದಕ್ಕೊಂದು ಉಪಾಯ ಮಾಡಿದೆ. ಭಾನುವಾರ ಬೆಳಿಗ್ಗೆ ಕೆರೆಗೆ ಹೊರಡುವ ಮುಂಚೆ ಶರಣಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ, ಅವಳ ಮುಖದ ಮೇಲೆ ಬೀಳುವ ಬೆಳಕನ್ನು ಅಳೆದು, ಅವಳ ಕಣ್ಣಿಗೆ ಲೆನ್ಸನ್ನು ಹೊಂದಿಸಿ ನೋಡಿ, ಎಲ್ಲವೂ ಸರಿಯಾದ ಮೇಲೆ, ಒತ್ತದೆ, ರೀಲ್ ಉಳಿಸಿಕೊಂಡು ಕೆರೆಗೆ ಹೋಗುತ್ತಿದ್ದೆ. ‘ನಿಂದ್ರು. ಈ ಕಡಿ ನೋಡು. ಸ್ವಲ್ಪ ನಗು. ಹಾಂ, ಸಾಕು.’ ಇಷ್ಟೇ. ಒತ್ತದೆ ಇದ್ದದ್ದನ್ನು ಅವಳಿಗೆ ನಾನು ಹೇಳಿರಲಿಲ್ಲ. ಹೇಳಬೇಕೆಂದು ತೋಚಲೂ ಇಲ್ಲ.

ಅವಳು ಪ್ರತಿ ಭಾನುವಾರ ಎದ್ದು ತಲೆ ಬಾಚಿ, ಪೆಟ್ಟಿಗೆಯಿಂದ ಬೇರೆ ಬೇರೆ ಸೀರೆ ತೆಗೆದು ಉಟ್ಟು, ಹೂ ಮುಡಿದು ನಿಲ್ಲುತ್ತಿದ್ದಳು. ಎರಡು ರೀಲು ತೊಳೆಸಿಕೊಂಡು ತಂದ ದಿನ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಓಡಿ ಬಂದಳು. ಒಂದೊಂದೇ ಫೋಟೋ ಮಗುಚಿದಳು. ಮಿಂಚುಳ್ಳಿ, ಮಿಂಚುಳ್ಳಿಯ ಬಾಲ, ಮಿಂಚುಳ್ಳಿ ಕೂತಿದ್ದ ಟೊಂಗೆ, ಇಬ್ಬನಿ, ಜೇಡನ ಬಲೆ, ಮತ್ತೆ ಟೊಂಗೆ. ‘ನಾ ಎಲ್ಲಿ ಅದೀನ್ರಿ?’ ಎಂದಳು. ‘ನೀ ಬೆಳಕಿಗೆ ನಿಂತಿದ್ದಿ’ ಎಂದು ಎಲ್ಲವನ್ನೂ ವಿವರಿಸಿದೆ. ಗಣಿತದ ಮಾಸ್ತರನಾದ್ದರಿಂದ ಚೆನ್ನಾಗಿಯೇ ವಿವರಿಸಿದೆ. ಅವಳು ಎಲ್ಲ ಕೇಳಿ, ಒಂದು ಮಿಂಚುಳ್ಳಿಯನ್ನು ಎತ್ತಿ ಹಿಡಿದು, ‘ಇದು ಎಷ್ಟ ಚಂದ ಬಂದದ ನೋಡ್ರಿ. ಇದರ ಸಲುವಾಗಿ ಬೆಳಕಿಗೆ ಯಾರನ್ನರ ನಿಂದ್ರಿಸಿದ್ರ ಅದರ ಹೇಣ್ತೀನ್ನ ನಿಂದ್ರಸಬೇಕಿತ್ತು’ ಎಂದು ಒಳಗೆ ಹೋದಳು. ಮುಂದಿನ ಭಾನುವಾರವೂ ಅವಳು ನಿಂತಳು. ಹೂ ಮಾತ್ರ ಮುಡಿದಿರಲಿಲ್ಲ.

ಇನ್ನು ಹೆಣಗಳ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಕಾರಣ ನಮ್ಮ ಹೆಡ್‌ಮಾಸ್ತರ್ ಬಸವಂತಪ್ಪನವರು. ತಪ್ಪು ಅವರದಲ್ಲ, ನನ್ನದು. ಅವರು ನಿವೃತ್ತರಾದ ದಿನ ಶಾಲೆಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಫೋಟೋ ನಾನೇ ತೆಗೆಯುತ್ತೇನೆಂದು ಮುಂದೆ ಬಿದ್ದೆ. ಶಾಲು ಹೊದಿಸಿದರು, ತೆಗೆದೆ. ಹಣ್ಣಿನ ಬುಟ್ಟಿ ಕೊಟ್ಟರು, ತೆಗೆದೆ. ಹೆಡ್‌ಮಾಸ್ತರ್ ಮಾತಾಡುತ್ತ ಅತ್ತರು. ಅಳುವುದನ್ನು ಮೂರು ಕಡೆಯಿಂದ ತೆಗೆದೆ. ಕ್ಯಾಮೆರಾ ಅಂದು ಬಹಳ ಉದಾರವಾಗಿತ್ತು. ಮೂವತ್ತಾರು ಆಯಿತು, ಮೂವತ್ತೇಳು ಆಯಿತು, ಮೂವತ್ತೊಂಬತ್ತೂ ಆಯಿತು. ನಲವತ್ತೊಂದಕ್ಕೆ ನನ್ನೊಳಗಿನ ಗಣಿತದ ಮಾಸ್ತರ ಎಚ್ಚರಗೊಂಡ. ರೀಲಿನ ತುದಿಯನ್ನು ಒಳಗಿನ ಹಲ್ಲಿನ ಚಕ್ರಕ್ಕೆ ಸಿಕ್ಕಿಸಿ, ಅದು ಹಿಡಿಯಿತೋ ಇಲ್ಲವೋ ನೋಡಿ ಆಮೇಲೆ ಮುಚ್ಚಳ ಹಾಕಬೇಕು. ನಾನು ನೋಡಿರಲಿಲ್ಲ. ಬಿಚ್ಚಿ ನೋಡಿದರೆ ರೀಲು ಇಟ್ಟಲ್ಲಿಯೇ ತಣ್ಣಗೆ ಕೂತಿತ್ತು. ಮೂವತ್ತೈದು ವರ್ಷ ಪಾಠ ಹೇಳಿದ ಮನುಷ್ಯನ ಕೊನೆಯ ದಿನದಲ್ಲಿ ಒಂದು ಚೂರೂ ಅದರೊಳಗೆ ಹೋಗಿರಲಿಲ್ಲ.

ಆಗಲೇ ಹೇಳಿಬಿಡಬೇಕಿತ್ತು. ‘ಹೈದರಾಬಾದಿಗೆ ತೊಳಿಲಿಕ್ಕೆ ಕಳಿಸೀನ್ರಿ ಸರ, ಅಲ್ಲಿ ಚಲೋ ತೊಳಿತಾರ’ ಎಂದೆ. ಒಂದು ಸುಳ್ಳಿಗೆ ಎರಡು ವರ್ಷ ಆಯಸ್ಸು ಬಂತು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ‘ಬಂದುವೇನಪಾ ಫೋಟೋ?’ ಎನ್ನುವರು, ‘ಬರ್ತಾವ್ರಿ ಸರ’ ಎನ್ನುವೆ. ಸಂತೆಯಲ್ಲಿ ಅವರ ಬಿಳಿ ಟೋಪಿ ಕಂಡರೆ ಬದನೆಕಾಯಿ ಬಿಟ್ಟು ಮೆಣಸಿನಕಾಯಿಯ ಸಾಲಿಗೆ ಹೋಗಿ ನಿಲ್ಲುವೆ. ಕೊನೆಗೆ ಒಂದು ಬೆಳಿಗ್ಗೆ ಅವರ ಮಗ ಬಂದು, ‘ಅಪ್ಪಾರು ಹೋಗಿಬಿಟ್ರು ಸರ. ಫೋಟೋ ನಿಮ್ಮ ಕಡಿಂದನ ತೆಗಸಬೇಕಂತ, ಅವ್ವ ಹೇಳ್ಯಾಳ’ ಎಂದ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ, ಕೂಡಿಸಿ ಕಳಿಸುತ್ತಾರೆ. ಗೋಡೆಗೆ ಒರಗಿಸಿ, ಬೀಳದಂತೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಸುತ್ತಲೂ ಮನೆಮಂದಿ ಕೂತ ಮೇಲೆ ಒಂದು ಫೋಟೋ ಆಗಬೇಕು. ಹೆಡ್‌ಮಾಸ್ತರರನ್ನು ನಡುಮನೆಯಲ್ಲಿ ಹಾಗೆ ಕೂಡಿಸಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು, ‘ಇವರು ಕಡೀತನಕ ಮಾಸ್ತರ ಕಡಿಂದ ಫೋಟೋ ಬರ್ತಾವ, ಬರ್ತಾವ ಅಂತಿದ್ರು ಯಪ್ಪಾ. ಈಗರ ಒಂದು ತೆಗಿ’ ಎಂದರು. ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ರೀಲು ಹಿಡಿದಿದೆಯೋ ಎಂದು ಮೂರು ಸಲ ನೋಡಿದೆ. ಒಳಗೆ ಕತ್ತಲು, ನನ್ನ ಫ್ಲಾಶ್ ಕೆಟ್ಟಿತ್ತು. ಎರಡು ಜೋಳದ ಚೀಲ ಒಂದರ ಮೇಲೊಂದು ಹಾಕಿಸಿ, ಅದರ ಮೇಲೆ ಕ್ಯಾಮೆರಾ ಇಟ್ಟು, ಅದರ ಕಣ್ಣು ಒಂದು ಸೆಕೆಂಡು ತೆರೆದಿರುವಂತೆ ಮಾಡಿ, ಅಭ್ಯಾಸಬಲದಿಂದ ‘ಯಾರೂ ಅಲ್ಲಾಡಬ್ಯಾಡ್ರಿ’ ಎಂದೆ. ಅಳುವವರು ಅಲ್ಲಾಡದೆ ಹೇಗಿದ್ದಾರು? ವಾರ ಬಿಟ್ಟು ತೊಳೆದು ಬಂದ ಫೋಟೋದಲ್ಲಿ ಮಗ, ಸೊಸೆ, ತಮ್ಮಂದಿರು, ಮೊಮ್ಮಕ್ಕಳು ಎಲ್ಲರೂ ಹೊಗೆ ಹೊಗೆಯಾಗಿ ಕಲಸಿಹೋಗಿದ್ದರು. ನಟ್ಟನಡುವೆ ಹೆಡ್‌ಮಾಸ್ತರ್ ಒಬ್ಬರು, ಗಡ್ಡದ ಒಂದೊಂದು ಕೂದಲೂ ಎಣಿಸುವ ಹಾಗೆ, ಸ್ಪಷ್ಟವಾಗಿ ಕೂತಿದ್ದರು. ನಾನು ಹೇಳಿದಂತೆ ಕೇಳಿದವರು ಅವರೊಬ್ಬರೇ. ಅವರ ಹೆಂಡತಿ ಅದನ್ನು ಬಹಳ ಹೊತ್ತು ನೋಡಿ, ‘ತಡಾ ಆದ್ರೂ ಚಲೋ ತೆಗದಿ ಯಪ್ಪಾ’ ಎಂದರು.

ಅಂದಿನಿಂದ ‘ಗಣಿತದ ಮಾಸ್ತರ ಕೈಗೆ ಹೆಣ ಚಂದ ಬರ್ತಾವ’ ಎಂಬ ಹೆಸರು ಹಬ್ಬಿತು. ನನ್ನ ಮಿಂಚುಳ್ಳಿಯನ್ನು ಒಬ್ಬನೂ ಕೇಳಲಿಲ್ಲ. ಹೆಡ್‌ಮಾಸ್ತರರಿಗೆ ಮಾಡಿದ ಮೋಸದ ಭಾರಕ್ಕೆ ಯಾರು ಕರೆದರೂ ಇಲ್ಲ ಎನ್ನಲಾಗಲಿಲ್ಲ. ಒಂದು ಪೈಸೆ ಮುಟ್ಟದೆ ಹೋಗಿ ತೆಗೆದುಕೊಟ್ಟೆ. ಆದರೆ ಬದುಕಿದ್ದವರು ನನ್ನ ಕ್ಯಾಮೆರಾದ ಚೀಲ ಕಂಡರೆ ಓಣಿ ಬದಲಿಸತೊಡಗಿದರು. ಒಮ್ಮೆ ಕೆರೆಯಿಂದ ಬರುವಾಗ, ಜಡ್ಡಾಗಿ ಮಲಗಿದ್ದ ನಮ್ಮ ಶಾಲೆಯ ಗುಮಾಸ್ತರನ್ನು ಮಾತಾಡಿಸಿ ಹೋಗೋಣವೆಂದು ಅವರ ಮನೆ ಹೊಕ್ಕೆ. ಹೆಗಲಲ್ಲಿ ಚೀಲವಿತ್ತು. ಹೊಸ್ತಿಲಲ್ಲಿ ನನ್ನನ್ನು ಕಂಡದ್ದೇ ಅವರ ತಾಯಿ ಎದೆ ಬಡಿದುಕೊಂಡು ಅಳಲು ಶುರು ಮಾಡಿದರು. ಒಳಗಿನಿಂದ ಗುಮಾಸ್ತರು ಕ್ಷೀಣ ದನಿಯಲ್ಲಿ, ‘ನಾ ಇನ್ನ ಅದೀನಿ, ಅವರಿಗೆ ಚಾ ಕೊಟ್ಟು ಕಳಸ್ರಿ’ ಎಂದರು. ಅವರು ಈಗಲೂ ಗಟ್ಟಿಮುಟ್ಟಾಗಿದ್ದಾರೆ, ಆದರೆ ನನ್ನನ್ನು ಮನೆಗೆ ಕರೆಯುವುದಿಲ್ಲ.

ಮಾನ್ವಿಗೆ ವರ್ಗವಾಗುವ ಹೊತ್ತಿಗೆ ಡಿಜಿಟಲ್ ಎಸ್‌ಎಲ್‌ಆರ್ ಬಂದಿತ್ತು. ಕೊಂಡೆ. ರೀಲಿಲ್ಲ, ತೊಳೆಸುವುದಿಲ್ಲ, ಎಷ್ಟು ಬೇಕಾದರೂ ಒತ್ತು. ಇನ್ನಾದರೂ ತನ್ನ ಫೋಟೋ ಬಂದೀತೆಂದು ಶರಣಮ್ಮ ಅಂದುಕೊಂಡಿದ್ದಳೋ ಏನೋ. ನಾನು ಅವಳನ್ನು ಮೊದಲಿನಂತೆಯೇ ಬೆಳಕಿಗೆ ನಿಲ್ಲಿಸಿದೆ. ಈಗ ಒತ್ತುತ್ತಿದ್ದೆ, ಹಿಂದಿನ ಪರದೆಯಲ್ಲಿ ನೋಡುತ್ತಿದ್ದೆ, ಬೆಳಕು ಸರಿಯಿದ್ದರೆ ಅಳಿಸಿಬಿಡುತ್ತಿದ್ದೆ. ಕಾರ್ಡಿನಲ್ಲಿ ಮಿಂಚುಳ್ಳಿಗಳಿಗೆ ಜಾಗ ಬೇಕಲ್ಲ. ರೀಲಿನ ಕಾಲದಲ್ಲಿ ತೆಗೆಯದೆ ಉಳಿಸಿದೆ, ಡಿಜಿಟಲ್ ಕಾಲದಲ್ಲಿ ತೆಗೆದು ಅಳಿಸಿದೆ. ಒಟ್ಟು ಲೆಕ್ಕ ಒಂದೇ ಬಂತು. ಮೊಬೈಲುಗಳು ಬಂದ ಮೇಲೆ ನಮ್ಮ ಮಗಳು ತನ್ನ ಮೊಬೈಲಿನಲ್ಲಿ ಅವ್ವನನ್ನು ಆಗಾಗ ಹಿಡಿಯುತ್ತಿದ್ದಳು. ನನಗೆ ಅವನ್ನು ಫೋಟೋ ಎಂದು ಕರೆಯಲು ಮನಸ್ಸಿಲ್ಲ. ಸತ್ತವರ ಮೊಬೈಲ್ ಫೋಟೋ ತಂದು ದೊಡ್ಡದು ಮಾಡಿಕೊಡಿ ಎಂದವರಿಗೆಲ್ಲ, ‘ದೊಡ್ಡದು ಮಾಡಿದ್ರ ಇವು ಚುಕ್ಕಿ ಚುಕ್ಕಿಯಾಗಿ ಒಡೀತಾವ್ರಿ’ ಎಂದು ಹೇಳಿ ಕಳಿಸುತ್ತಿದ್ದೆ.

ಮಾನ್ವಿಯಲ್ಲಿದ್ದಾಗಲೇ ಪೋತ್ನಾಳದ ಅಕ್ಕಿ ಗಿರಣಿಯ ಸಾಹುಕಾರರ ತಾಯಿ ತೀರಿಕೊಂಡರು. ಹೋಗಿ ತೆಗೆದುಕೊಟ್ಟೆ. ಎರಡು ದಿನ ಬಿಟ್ಟು ಸಾಹುಕಾರರು ಮನೆಗೇ ಬಂದು ಕೂತರು. ‘ಸರ, ಎಲ್ಲಾ ಚಲೋ ಅದ. ಕಣ್ಣ ಒಂದು ಮುಚ್ಚ್ಯಾವ. ನಮ್ಮವ್ವ ಹಗಲಹೊತ್ತ ಒಂದಿನ ಕಣ್ಣ ಮುಚ್ಚಿದಾಕಿ ಅಲ್ಲ. ಗಿರಣಿ ಆಳುಗಳು ಆಕಿ ಕಣ್ಣಿಗೇ ಅಂಜ್ತಿದ್ರು. ಕಣ್ಣ ಮುಚ್ಚಿಗೊಂಡಾಕೀನ್ನ ಗ್ವಾಡಿಗೆ ಹೆಂಗ ಹಾಕ್ಲಿ? ಕಂಪ್ಯೂಟರಿನ್ಯಾಗ ತೆರಸ್ರಿ.’ ಕಂಪ್ಯೂಟರಿನಲ್ಲಿ ತೆರೆಸುವುದೆಂದರೆ ಬೇರೆ ಯಾರದಾದರೂ ತೆರೆದ ಕಣ್ಣು ತಂದು ಅಲ್ಲಿ ಕೂಡಿಸಬೇಕು. ಬೇರೆ ಯಾರದು? ಶರಣಮ್ಮನನ್ನು ಕಿಟಕಿಯ ಬಳಿ ಕೂಡಿಸಿ, ಎದುರಿಗೆ, ಎಡಕ್ಕೆ, ಬಲಕ್ಕೆ ನೋಡಿಸಿ ತೆಗೆದೆ. ಕಂಪ್ಯೂಟರಿನಲ್ಲಿ ಜಾಗ ಕಡಿಮೆಯಿತ್ತು. ಕಣ್ಣಿನ ಪಟ್ಟಿಯಷ್ಟನ್ನು ಕತ್ತರಿಸಿ ಇಟ್ಟುಕೊಂಡು ಉಳಿದ ಮುಖವನ್ನು ಅಳಿಸಿದೆ. ಕಣ್ಣು ಬಹಳ ಚೆನ್ನಾಗಿ ಕೂತವು. ಸಾಹುಕಾರರು ಅತ್ತುಬಿಟ್ಟರು. ಆಮೇಲೆ ಎಲ್ಲರಿಗೂ ಕಣ್ಣು ಬೇಕಾಯಿತು. ಗಂಡಸರಿಗೆ ನನ್ನ ಕಣ್ಣು ಕೊಡೋಣವೆಂದರೆ ನನಗೆ ಕನ್ನಡಕ. ತೆಗೆದರೆ ಕೋಳಿಯ ಕಣ್ಣಿನಂತೆ ಬರುತ್ತವೆ. ಹೀಗಾಗಿ ಅವರಿಗೂ ಅವಳವನ್ನೇ ಹಚ್ಚಿ ಹುಬ್ಬು ದಪ್ಪ ಮಾಡಿದೆ. ಮಾನ್ವಿಯಿಂದ ಪೋತ್ನಾಳದವರೆಗೆ ಎಷ್ಟು ಗೋಡೆಗಳ ಮೇಲೆ, ಎಷ್ಟು ಹಾರಗಳ ನಡುವೆ ನನ್ನ ಹೆಂಡತಿಯ ಕಣ್ಣುಗಳಿವೆಯೋ ನನಗೇ ಗೊತ್ತಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಮಿಂಚುಳ್ಳಿಯ ಬೆಳಕಿಗೆ ಕೂಡಿಸಿದ್ದಾರೆ ಎಂದು ತಿಳಿದಿದ್ದಳು.

ಸಾಹುಕಾರರ ತಾಯಿಯ ವರ್ಷದ ದಿನ ನಮ್ಮಿಬ್ಬರಿಗೂ ಊಟಕ್ಕೆ ಹೇಳಿದರು. ಹೆಂಗಸರ ಪಂಕ್ತಿಯಲ್ಲಿ ಶರಣಮ್ಮ ಕೂತದ್ದು ಆ ಫೋಟೋದ ಎದುರಿಗೇ. ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು. ಮೊದಲ ತುತ್ತು ಎತ್ತಿದವಳು ಗೋಡೆ ನೋಡಿದಳು, ತುತ್ತು ಎಲೆಗೆ ಇಟ್ಟಳು. ನಾನು ದೂರದಿಂದ ನೋಡುತ್ತಿದ್ದೆ. ಮಾನ್ವಿಯಲ್ಲಿ ಬಸ್ಸು ಇಳಿಯುವಾಗ, ‘ಆ ಮುದುಕಿ ನನ್ನ ಕಣ್ಣಿಲೆ ನನ್ನ ನೋಡಾಕತ್ತಿತ್ತು’ ಎಂದಳು. ‘ಇನ್ನ ಎಷ್ಟ ಮಂದಿಗೆ ಕೊಟ್ಟೀರಿ?’ ಎಂದಳು. ನಾನು ಸುಳ್ಳು ಹೇಳಿದೆ. ಸುಳ್ಳೆಂದು ಅವಳಿಗೆ ತಿಳಿಯಿತು. ಅಂದಿನಿಂದ ಅವಳು ಬೆಳಕಿಗೆ ನಿಲ್ಲುವುದನ್ನು ಬಿಟ್ಟಳು, ನಾನು ಒಂದು ಹಳೆಯ ಗಡಿಗೆಯನ್ನು ಸ್ಟೂಲಿನ ಮೇಲಿಟ್ಟು ಬೆಳಕು ನೋಡತೊಡಗಿದೆ.

ಈಗ ನಿವೃತ್ತನಾಗಿ ರಾಯಚೂರಿನಲ್ಲಿದ್ದೇನೆ. ಹೋದ ವರ್ಷ ಶರಣಮ್ಮನಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಕಾಣಿಸಿಕೊಂಡದ್ದು ನನಗೆ ಹೋದ ವರ್ಷ. ಅವಳಿಗೆ ಅದಕ್ಕೂ ಮೊದಲೇ ಇತ್ತಂತೆ. ನಾನು ಕೋಟೆಯ ಕಲ್ಲಿನ ಮೇಲೆ ಇಳಿಬಿಸಿಲು ಬೀಳುವುದನ್ನು ಹಿಡಿಯುವುದರಲ್ಲಿದ್ದೆ. ಡಾಕ್ಟರು ತಪಾಸಣೆ ಮಾಡಿಸಿ, ಗಡ್ಡೆ ಇದೆ, ತೆಗೆಯಬೇಕು, ತೆಗೆದ ಮೇಲೆ ಎಂಥದ್ದು ಎಂದು ನೋಡೋಣ, ಸೋಮವಾರ ಆಪರೇಷನ್ ಎಂದರು. ಅದು ಬುಧವಾರ. ಆಟೋದಲ್ಲಿ ಮನೆಗೆ ಬಂದು ನೀರು ಕುಡಿದು, ಅವಳು ನನ್ನೆದುರಿಗೆ ಕೂತಳು.

‘ಸೋಮವಾರಕ್ಕಿಂತ ಮೊದಲ ನನ್ನದೊಂದು ಫೋಟೋ ತೆಗೀರಿ.’

‘ಈಗ್ಯಾಕ ಅದು?’

‘ಯಾಕಂದ್ರ? ನಾ ಏಳಲಿಲ್ಲಂದ್ರ ನನ್ನ ಗ್ವಾಡಿಗೆ ಕಟ್ಟಿ ಕೂಡಸ್ತೀರಿ. ಮೂಗಿನ್ಯಾಗ ಹತ್ತಿ ತುರುಕ್ತೀರಿ. ಆಮ್ಯಾಲ ಕಂಪ್ಯೂಟರ್ ಮುಂದ ಕುಂತು ನನ್ನ ಮಾರಿಗೆ ನನ್ನ ಕಣ್ಣ ಹಚ್ತೀರಿ. ಅಷ್ಟ್ಯಾಕ ತ್ರಾಸು? ತೆರದಾಗ ಒಂದು ತೆಗೀರಿ.’

‘ಮಗಳ ಮೊಬೈಲಿನ್ಯಾಗ ಬೇಕಾದಷ್ಟು ಅವ ಅಲ್ಲ’ ಎಂದೆ.

‘ದೊಡ್ಡದು ಮಾಡಿದ್ರ ಒಡೀತಾವ. ಊರಿಗೆಲ್ಲ ಹೇಳಿದವರು ನೀವ.’

ಗುರುವಾರ ಬ್ಯಾಟರಿ ಚಾರ್ಜ್ ಇಲ್ಲ ಎಂದೆ. ಶುಕ್ರವಾರ ಬೆಳಕು ಸರಿಯಿಲ್ಲ ಎಂದೆ. ರಾಯಚೂರಿನಲ್ಲಿ ನಿಂತು ಬೆಳಕು ಸಾಲದು ಎನ್ನಲು ಬಹಳ ಧೈರ್ಯ ಬೇಕು. ನಮ್ಮಲ್ಲಿ ನೀರಿಗೆ ತಾಪತ್ರಯ, ನೆರಳಿಗೆ ತಾಪತ್ರಯ. ಬೆಳಕು ಮಾತ್ರ ಬೇಡವೆಂದರೂ ಬಂದು ಮೈಮೇಲೆ ಬೀಳುತ್ತದೆ. ಶನಿವಾರ ಲೆನ್ಸಿಗೆ ಧೂಳು ಹತ್ತಿದೆ ಎಂದು ಇಡೀ ದಿನ ಒರೆಸುತ್ತ ಕೂತೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಇಷ್ಟು ವರ್ಷ ಆ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ ಉಳಿಸಿದ ಮುಖಗಳೆಲ್ಲ ಹಾರ ಹಾಕಿಕೊಂಡ ಮುಖಗಳೇ. ಅವಳು ಅಡುಗೆಮನೆಯಲ್ಲಿದ್ದಾಗ, ತಿಳಿಯದಂತೆ ಒಂದು ತೆಗೆದುಬಿಡೋಣವೆಂದು ಕ್ಯಾಮೆರಾ ಎತ್ತಿ ನೋಡಿದೆ. ಹಣೆಯಲ್ಲಿ ವಿಭೂತಿ ಎಲ್ಲಿ ಬರುತ್ತದೆ, ಬೆನ್ನಿಗೆ ಆಸರೆ ಎಲ್ಲಿ ಕೊಡಬೇಕು ಎಂದು ನನ್ನ ಕಣ್ಣು ತಾನಾಗಿಯೇ ಲೆಕ್ಕ ಹಾಕುತ್ತಿತ್ತು. ಕ್ಯಾಮೆರಾ ಕೆಳಗಿಟ್ಟು ಹೊರಗೆ ಬಂದೆ. ವಿಜ್ಞಾನದ ದಿನಾಚರಣೆಗಳಲ್ಲಿ ಮೂಢನಂಬಿಕೆಯ ಮೇಲೆ ಭಾಷಣ ಮಾಡಿದವನು ನಾನೇ. ಆದರೂ ಗೋಡೆಗೆ ಹಾಕುವಂಥ ಫೋಟೋ ತಯಾರಾಗದೆ ಇರುವಷ್ಟು ದಿನ ಇವಳು ಹೋಗಲಾರಳು ಎಂಬ ಮಾತು ತಲೆಯಲ್ಲಿ ಹೊಕ್ಕು ಕೂತುಬಿಟ್ಟಿತು.

ಭಾನುವಾರ ಬೆಳಿಗ್ಗೆ ಅವಳು ಯಾವ ನೆವವನ್ನೂ ಕೇಳಲಿಲ್ಲ. ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಕುರ್ಚಿ ತಾನೇ ಹೊತ್ತುಕೊಂಡು ಮಾಳಿಗೆ ಹತ್ತಿದಳು. ದೇವದುರ್ಗದ ಅಂಗಳದ ನಂತರ ಅವಳು ಫೋಟೋಕ್ಕೆಂದು ಹೂ ಮುಡಿದದ್ದು ಅದೇ ಮೊದಲು. ನಾನು ಹಿಂದೆ ಹತ್ತಿ ಹೋಗಿ, ಕೊನೆಯ ಅಸ್ತ್ರವಾಗಿ, ‘ಮೊದಲು ಬೆಳಕು ನೋಡಬೇಕು’ ಎಂದೆ.

‘ಇಷ್ಟ ವರ್ಷ ನಾ ನಿಂತೀನಿ. ಇವತ್ತ ನೀವ ಕುಂಡ್ರಿ, ನಾ ಬೆಳಕ ನೋಡ್ತೀನಿ’ ಎಂದು ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ಕ್ಯಾಮೆರಾ ನನ್ನ ಕೈಯಿಂದ ತೆಗೆದುಕೊಂಡಳು. ಇಷ್ಟು ವರ್ಷ ಎದುರಿಗೆ ನಿಂತು ನನ್ನ ಕೈಗಳನ್ನೇ ನೋಡಿದ್ದಳಲ್ಲ, ಎಲ್ಲಿ ತಿರುವಬೇಕು, ಎಲ್ಲಿ ಒತ್ತಬೇಕು ಎಲ್ಲ ಗೊತ್ತಿತ್ತು. ‘ಈ ಕಡಿ ನೋಡ್ರಿ. ಸ್ವಲ್ಪ ನಗ್ರಿ. ಹಾಂ, ಸಾಕು’ ಎಂದಳು. ಒಂದೇ ಸಲ ಒತ್ತಿದಳು. ಪರದೆ ನೋಡಿದೆವು. ಬೆಳಕು ಸರಿಯಾಗಿತ್ತು, ಫೋಕಸ್ ಸರಿಯಾಗಿತ್ತು, ಗಡ್ಡದ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಬಿಸಿಲಿಗೆ ನಾನು ಕಣ್ಣು ಮುಚ್ಚಿದ್ದೆ, ಅದೊಂದೇ ಕೊರತೆ. ಅಳಿಸಲೆಂದು ಕೈ ಚಾಚಿದೆ. ಅವಳು ಕ್ಯಾಮೆರಾ ಹಿಂದಕ್ಕೆ ಎಳೆದುಕೊಂಡು, ‘ಅಳಸಬ್ಯಾಡ್ರಿ. ಬೇಕಾಗ್ತದ’ ಎಂದಳು. ನಾನು ಅವಳನ್ನು ಎಷ್ಟು ಸಾವಿರ ಸಲ ಅಳಿಸಿದ್ದೆ ಎಂಬುದು ಆ ಬಿಸಿಲಲ್ಲಿ ಕೂತು ನನಗೆ ನೆನಪಾಯಿತು, ನಾಚಿಕೆಯಾಯಿತು.

ಆಮೇಲೆ ಅವಳು ಕೂತಳು. ನಾನು ತೆಗೆದೆ. ಎಷ್ಟೋ ತೆಗೆದೆ. ಹೆಣದ ಮುಂದೆ ಎಂದೂ ತಪ್ಪದ ಫೋಕಸ್ ಅಂದು ಒಮ್ಮೆಯೂ ಕೂಡಲಿಲ್ಲ. ಬದುಕಿರುವವರು ಉಸಿರಾಡುತ್ತಾರೆ, ರೆಪ್ಪೆ ಬಡಿಯುತ್ತಾರೆ, ನಡುವೆ ‘ಹಾಲು ಕಾಯಾಕ ಇಟ್ಟೀನಿ, ಬೇಗ ಮುಗಸ್ರಿ’ ಎನ್ನುತ್ತಾರೆ. ಅವರನ್ನು ಹೇಗೆ ತೆಗೆಯಬೇಕೆಂದು ನಾನು ಕಲಿತೇ ಇರಲಿಲ್ಲ. ಪರದೆಯಲ್ಲಿ ನೋಡಿದರೆ ಒಂದಾದ ಮೇಲೊಂದು ಕಲಸಿಹೋದ ಸೀರೆ, ಕಲಸಿಹೋದ ಹೂ, ಕಲಸಿಹೋದ ನಗು. ಹೆಡ್‌ಮಾಸ್ತರರ ಸುತ್ತ ಕೂತು ಅಳುತ್ತಿದ್ದ ಮಂದಿಯ ಹಾಗೆ ಇದ್ದಳು. ಅವಳು ಎಲ್ಲವನ್ನೂ ಕೊನೆಯವರೆಗೆ ನೋಡಿ, ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತಳು. ಹಾಲು ಉಕ್ಕಿಹೋಗಿತ್ತು.

ಸೋಮವಾರ ಮಗಳು ಸಿರವಾರದಿಂದ ಬಂದಳು. ಅವ್ವನನ್ನು ಒಳಗೆ ಕರೆದೊಯ್ದರು. ಆ ಕೆಲವು ಗಂಟೆಗಳನ್ನು ನಾನು ಬರೆಯಲಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಫೋಟೋ ಆಗಿಲ್ಲ, ಫೋಟೋ ಆಗಿಲ್ಲ ಎಂದು ಮಂತ್ರದಂತೆ ಹೇಳಿಕೊಳ್ಳುತ್ತಿದ್ದೆ ಎಂದಷ್ಟೇ ಹೇಳುತ್ತೇನೆ. ಅವಳು ಎದ್ದಳು. ಗಡ್ಡೆ ಒಳ್ಳೆಯ ಜಾತಿಯದಲ್ಲ ಎಂದು ತಪಾಸಣೆಯಲ್ಲಿ ಬಂತು. ತೆಗೆದಿದ್ದೇವೆ, ಆದರೆ ಮೂರು ಮೂರು ತಿಂಗಳಿಗೆ ಬಂದು ತೋರಿಸುತ್ತಿರಬೇಕು ಎಂದರು. ಈಗ ನಾವು ಮೂರು ತಿಂಗಳು ಮೂರು ತಿಂಗಳಾಗಿ ಬದುಕುತ್ತಿದ್ದೇವೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವಳು ಅದೇ ಸೀರೆ ಉಟ್ಟು ಮಾಳಿಗೆ ಹತ್ತಿ ಕೂರುತ್ತಾಳೆ. ನಾನು ಕ್ಯಾಮೆರಾ ಹಿಡಿದು ಆಕಾಶ ನೋಡಿ, ಬೆಳಕು ಸರಿಯಿಲ್ಲ ಎನ್ನುತ್ತೇನೆ. ಹಂಚಿನಂತೆ ಕಾದ ಮಾಳಿಗೆಯ ಮೇಲೆ ಕೂತವಳು ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿ, ‘ಹೌದ್ರಿ, ಇವತ್ತೂ ಬೆಳಕಿಲ್ಲ’ ಎಂದು ಇಳಿದು ಹೋಗುತ್ತಾಳೆ.

ಹೋದ ಸಲ ಹಾಗೆ ಇಳಿಯುವಾಗ ಅವಳು ಅರ್ಧ ಮೆಟ್ಟಿಲಲ್ಲಿ ನಿಂತಳು. ‘ನಂದು ಇರ್ಲಿ. ನಿಮ್ಮದರ ತಯಾರ ಮಾಡಿ ಇಡ್ರಿ. ಕಣ್ಣ ಮುಚ್ಚ್ಯಾವಲ್ಲ, ನೀವ ಹೋದ ಮ್ಯಾಲ ಅದನ್ನ ತೆರಸವರು ಯಾರು? ನನಗ ಕಂಪ್ಯೂಟರ್ ಬರೂದಿಲ್ಲ.’ ಅದು ನ್ಯಾಯವಾದ ಮಾತು. ಊರಿನ ಹೆಣಗಳಿಗೆಲ್ಲ ಕಣ್ಣು ಕೊಟ್ಟವನು ತನ್ನದನ್ನು ಹಾಗೇ ಬಿಟ್ಟು ಹೋದರೆ ಜನ ನಗುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಅವಳು ತೆಗೆದ ನನ್ನ ಫೋಟೋ ತೆರೆದೆ. ಮಾನ್ವಿಯಲ್ಲಿ ಕತ್ತರಿಸಿ ಇಟ್ಟಿದ್ದ ಕಣ್ಣಿನ ಪಟ್ಟಿಯನ್ನು ಹುಡುಕಿ ತೆಗೆದೆ. ಹಚ್ಚಿ, ಹುಬ್ಬು ದಪ್ಪ ಮಾಡಿ, ರಾಯಚೂರಿನಲ್ಲಿಯೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದೆ. ಒಡೆದಿರಲಿಲ್ಲ. ನನ್ನ ಮುಖದೊಳಗಿಂದ, ಇನ್ನೂ ನೋವೇ ಕಾಣದ ಕಾಲದ ಶರಣಮ್ಮ ನನ್ನನ್ನು ನೋಡುತ್ತಿದ್ದಳು.

ಅವಳು ಕೈ ಒರೆಸಿಕೊಂಡು ಬಂದು, ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

‘ನಾ ಚಲೋ ಬಂದೀನ್ರಿ’ ಎಂದಳು. ‘ನೀವ ಒಂದೀಟು ಸೊರಗಿದಂಗ ಕಾಣ್ತೀರಿ.’